ಕೀವಿನ ಕುರು, ಮೊಂಡು ಬ್ಯಾಕ್ಟೀರಿಯಾ ಮತ್ತು 'ನ್ಯಾನೋ' ಕ್ರೀಮ್: ದುಡ್ಡು ಕೊಡುವ ಮುಂಚೆ ಇಷ್ಟು ತಿಳಿದಿರಲಿ

ಕೆಲವು ತಿಂಗಳ ಹಿಂದೆ ನಮ್ಮ ಸೈಟಿನ ಶಟರಿಂಗ್ ಕಾರ್ಪೆಂಟರ್ ಒಬ್ಬ ನನ್ನ ಟೇಬಲ್ ಮುಂದೆ ಬಂದು ನಿಂತ. ಬೈಂದೂರು ಕಡೆಯ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಕೈಯಲ್ಲಿ 145 ದಿರ್ಹಮ್‌ನ ಒಂದು ಬಿಲ್ಲು. "ಸರ್, ಇದು ಇನ್ಶೂರೆನ್ಸಲ್ಲಿ ಕ್ಲೈಮ್ ಆಗ್ತದಾ?" ಅಂತ ಕೇಳಿದ. ಬಿಲ್ಲಿನಲ್ಲಿದ್ದದ್ದು 'ನ್ಯಾನೋ ಸಿಲ್ವರ್ ಜೆಲ್'. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ಆನ್‌ಲೈನ್‌ನಲ್ಲಿ ತರಿಸಿಕೊಂಡದ್ದು. ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಕೀವನ್ನು ಈ ಜೆಲ್ ಮೂರೇ ದಿನದಲ್ಲಿ ಒಣಗಿಸ್ತದೆ ಅಂತ ಆ ವಿಡಿಯೋದಲ್ಲಿ ಹೇಳಿದ್ದರಂತೆ.

ಹುಡುಗ ಕುಂಟುತ್ತಿದ್ದ. ಪ್ಯಾಂಟ್ ಮೇಲೆತ್ತಿ ತೋರಿಸಿದ. ಮೊಣಕಾಲಿನ ಕೆಳಗೆ ನಿಂಬೆಹಣ್ಣಿನಷ್ಟು ದೊಡ್ಡ ಕುರು, ಸುತ್ತ ಕೆಂಪು. ಮೂರು ವಾರದಿಂದ ಹೀಗೇ ಇದೆಯಂತೆ. ಮೊದಲು ಊರಿಂದ ತಂದ ಮುಲಾಮು ಹಚ್ಚಿದ್ದಾನೆ, ಆಮೇಲೆ ರೂಮಿನವರೊಬ್ಬರು ಕೊಟ್ಟ ಅಮೋಕ್ಸಿಸಿಲಿನ್ ಆರು ಮಾತ್ರೆ ನುಂಗಿದ್ದಾನೆ, ಕೊನೆಗೆ ಈ ಜೆಲ್. ಅಷ್ಟರಲ್ಲಿ ಮೇಲಿನ ಬಂಕಿನಲ್ಲಿ ಮಲಗುವವನಿಗೂ ತೊಡೆಯಲ್ಲಿ ಅದೇ ತರದ ಕುರು ಎದ್ದಿತ್ತು.

"ಕ್ಲೈಮ್ ಆಗುವುದಿಲ್ಲ" ಅಂತ ಹೇಳಿ ಕಳಿಸುವುದು ನನಗೆ ಎರಡು ನಿಮಿಷದ ಕೆಲಸ. ನಾನು ಡಾಕ್ಟರ್ ಅಲ್ಲ, ಬಿ.ಕಾಂ ಮಾಡಿ ಲೆಕ್ಕ ಬರೆಯುವವನು. ಆದರೆ ಆ ಬಿಲ್ಲು ತಲೆಯಲ್ಲಿ ಉಳಿಯಿತು. ನ್ಯಾನೋ ಅಂದರೆ ಪೂರ್ತಿ ಮೋಸವಾ, ಅಥವಾ ಅದರಲ್ಲಿ ಏನಾದರೂ ನಿಜ ಇದೆಯಾ? ಓದಿ ನೋಡಿದೆ, ಗೊತ್ತಿರುವ ಡಾಕ್ಟರ್‌ಗಳ ಹತ್ತಿರ ಕೇಳಿದೆ. ವಿಜ್ಞಾನ ನಿಜ, ಆದರೆ ಆ ಹುಡುಗನ ಕಾಲಿಗೆ ಬೇಕಾಗಿದ್ದ ಔಷಧಿ ಅದಾಗಿರಲಿಲ್ಲ. ಯಾಕೆ ಅಂತ ನಮ್ಮವರಿಗೆ ತಿಳಿಯುವ ಹಾಗೆ ಬರೆಯುತ್ತಿದ್ದೇನೆ.

ಮೊಂಡು ಬ್ಯಾಕ್ಟೀರಿಯಾ ಅಂದರೆ ಯಾವುದು?

ಚರ್ಮದ ಮೇಲೆ ಕೀವು ತುಂಬುವ ಕುರುಗಳಿಗೆ ಹೆಚ್ಚಾಗಿ ಕಾರಣ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ. ಚಿಕ್ಕದಾಗಿ 'ಸ್ಟೆಫ್' ಅನ್ನುತ್ತಾರೆ. ಇದು ಎಲ್ಲಿಂದಲೋ ಬರುವ ಶತ್ರುವಲ್ಲ. ಸುಮಾರು ಹತ್ತರಲ್ಲಿ ಮೂರು ಜನರ ಮೂಗಿನೊಳಗೆ ಯಾವ ತೊಂದರೆಯೂ ಕೊಡದೆ ಕೂತಿರುತ್ತದೆ. ಚರ್ಮ ಸೀಳಿದರೆ, ಕೆರೆದು ಗಾಯವಾದರೆ, ಮೊಳೆ ತರಚಿದರೆ ಒಳಗೆ ಹೋಗಿ ಬೆಳೆಯುತ್ತದೆ.

1940ರ ದಶಕದಲ್ಲಿ ಪೆನಿಸಿಲಿನ್ ಬಂದಾಗ ಸ್ಟೆಫ್ ಸುಲಭವಾಗಿ ಸಾಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಪೆನಿಸಿಲಿನ್ ಅನ್ನೇ ಕತ್ತರಿಸಿ ಹಾಕುವ ಕಿಣ್ವ ತಯಾರಿಸಲು ಕಲಿಯಿತು. ಅದಕ್ಕೆ ಉತ್ತರವಾಗಿ 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲೇ ಇಂಗ್ಲೆಂಡಿನಿಂದ ಮೆಥಿಸಿಲಿನ್‌ಗೂ ಬಗ್ಗದ ಸ್ಟೆಫ್ ಸಿಕ್ಕಿದೆ ಅಂತ ವರದಿಯಾಯಿತು. ಇದೇ ಎಂಆರ್‌ಎಸ್‌ಎ.

ಇದು ಹೇಗೆ ತಪ್ಪಿಸಿಕೊಳ್ತದೆ ಅನ್ನುವುದನ್ನು ಸೈಟಿನ ಭಾಷೆಯಲ್ಲಿ ಹೇಳ್ತೇನೆ. ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆ ಇರ್ತದೆ. ಆ ಗೋಡೆ ಕಟ್ಟಲು ಅದರೊಳಗೆ ಮೇಸನ್ ತರಹ ಕೆಲಸ ಮಾಡುವ ಪ್ರೋಟೀನ್‌ಗಳಿವೆ. ಪೆನಿಸಿಲಿನ್ ಜಾತಿಯ ಔಷಧಿ ಹೋಗಿ ಆ ಮೇಸನ್ ಕೈಗೆ ಬೇಡಿ ಹಾಕುತ್ತದೆ. ಗೋಡೆ ಏಳುವುದಿಲ್ಲ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಎಂಆರ್‌ಎಸ್‌ಎ ಹತ್ತಿರ ಇನ್ನೊಬ್ಬ ಮೇಸನ್ ಇದ್ದಾನೆ. ಅವನ ಕೈಗೆ ಈ ಬೇಡಿ ಕೂರುವುದಿಲ್ಲ. ನೀವು ಅಮೋಕ್ಸಿಸಿಲಿನ್ ನುಂಗುತ್ತಾ ಇರುತ್ತೀರಿ, ಅವನು ಗೋಡೆ ಕಟ್ಟುತ್ತಾ ಇರುತ್ತಾನೆ.

ಇದು ಸಣ್ಣ ವಿಷಯ ಅಂತ ತಿಳಿಯಬೇಡಿ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ 12.7 ಲಕ್ಷ ಜನ ಸತ್ತಿದ್ದಾರೆ. ಅದರಲ್ಲಿ ಎಂಆರ್‌ಎಸ್‌ಎ ಪಾಲು 1 ಲಕ್ಷಕ್ಕಿಂತ ಹೆಚ್ಚು. ನಮ್ಮ ದೇಶದಲ್ಲಿ ಐಸಿಎಂಆರ್ ಜಾಲದ ಆಸ್ಪತ್ರೆಗಳ ಇತ್ತೀಚಿನ ವರದಿಗಳನ್ನು ನೋಡಿದರೆ, ಅಲ್ಲಿ ಪರೀಕ್ಷೆ ಮಾಡಿದ ಸ್ಟೆಫ್‌ಗಳಲ್ಲಿ ಹತ್ತಕ್ಕೆ ನಾಲ್ಕಕ್ಕಿಂತ ಹೆಚ್ಚು ಎಂಆರ್‌ಎಸ್‌ಎ. ಅಂದರೆ ನಾವು ಊರಿಗೆ ಹೋಗಿ ಬರುವಾಗಲೂ ಇದು ನಮ್ಮ ಜೊತೆ ಓಡಾಡಬಹುದು.

ಕ್ಯಾಂಪ್‌ನಲ್ಲಿ ಯಾಕೆ ಬೇಗ ಹರಡ್ತದೆ?

ಆಸ್ಪತ್ರೆಯ ಹೊರಗೆ ಎಂಆರ್‌ಎಸ್‌ಎ ಹರಡಲು ತಜ್ಞರು ಐದು ಕಾರಣ ಕೊಡುತ್ತಾರೆ: ಜನ ಒತ್ತೊತ್ತಾಗಿ ಇರುವುದು, ಚರ್ಮಕ್ಕೆ ಚರ್ಮ ತಾಗುವುದು, ಚರ್ಮದಲ್ಲಿ ಗಾಯ ಇರುವುದು, ಒಬ್ಬರ ವಸ್ತು ಇನ್ನೊಬ್ಬರು ಬಳಸುವುದು, ತೊಳೆದುಕೊಳ್ಳಲು ಸರಿಯಾದ ಅನುಕೂಲ ಇಲ್ಲದಿರುವುದು. ಆರು ಬಂಕು, ಒಂದು ಬಾತ್‌ರೂಮ್, ಬಾಗಿಲ ಹಿಂದೆ ಒಂದರ ಮೇಲೊಂದು ನೇತಾಡುವ ಟವೆಲ್, ಶುಕ್ರವಾರ ಎಲ್ಲರ ಗಡ್ಡಕ್ಕೂ ಒಂದೇ ಟ್ರಿಮ್ಮರ್. ಈ ಐದೂ ನಮ್ಮ ರೂಮುಗಳಲ್ಲಿವೆ. ಇದು ಕೆಲಸಗಾರರ ತಪ್ಪಲ್ಲ, ವಾಸದ ವ್ಯವಸ್ಥೆಯೇ ಹಾಗಿದೆ.

ಇನ್ನೊಂದು ವಿಷಯ. ಎಂಆರ್‌ಎಸ್‌ಎ ಕುರು ಶುರುವಿನಲ್ಲಿ ಹುಳ ಕಚ್ಚಿದ ಹಾಗೆ ಕಾಣ್ತದೆ. ಕ್ಯಾಂಪ್‌ನಲ್ಲಿ ತಿಗಣೆ ಕಾಟ ಇದ್ದೇ ಇರುವುದರಿಂದ "ಏನೋ ಕಚ್ಚಿದೆ, ಹೋಗ್ತದೆ ಬಿಡು" ಅಂತ ನಾಲ್ಕು ದಿನ ಕಳೆಯುತ್ತದೆ. ಆ ನಾಲ್ಕು ದಿನದಲ್ಲಿ ಕೆರೆದು ಕೆರೆದು ಅದು ಬೆರಳಿಂದ ಬೇರೆ ಜಾಗಕ್ಕೂ ಹೋಗಿರುತ್ತದೆ.

ಈಗ ನ್ಯಾನೋ ಲೆಕ್ಕ

ಒಂದು ಮೀಟರ್ ಅನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಕೂದಲು ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ದಪ್ಪ. ಸ್ಟೆಫ್ ಬ್ಯಾಕ್ಟೀರಿಯಾ ಸುಮಾರು ಒಂದು ಸಾವಿರ. ಔಷಧಿಗೆ ಬಳಸುವ ನ್ಯಾನೋ ಕಣಗಳು ಸಾಮಾನ್ಯವಾಗಿ ನೂರಕ್ಕಿಂತ ಕಡಿಮೆ. ಬ್ಯಾಕ್ಟೀರಿಯಾ ಒಂದು ಫುಟ್‌ಬಾಲ್ ಅಂತ ಇಟ್ಟುಕೊಂಡರೆ ಹತ್ತು ನ್ಯಾನೋಮೀಟರಿನ ಕಣ ಒಂದು ಸಾಸಿವೆ ಕಾಳು.

ಸಣ್ಣದಾದರೆ ಲಾಭ ಏನು? ಇದು ಲೆಕ್ಕದವನಿಗೆ ಇಷ್ಟವಾಗುವ ಪ್ರಶ್ನೆ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಳ್ಳಿಯ ತುಂಡು ತೆಗೆದುಕೊಳ್ಳಿ. ಹತ್ತೂವರೆ ಗ್ರಾಂ ತೂಕ. ಅದಕ್ಕೆ ಆರು ಮುಖ, ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದೇ ತುಂಡನ್ನು ಹತ್ತು ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದರೆ ತೂಕ ಅಷ್ಟೇ ಇರುತ್ತದೆ, ಆದರೆ ಎಲ್ಲ ತುಂಡುಗಳ ಮೇಲ್ಮೈ ಕೂಡಿಸಿದರೆ 600 ಚದರ ಮೀಟರ್ ಆಗ್ತದೆ. ಹತ್ತು ಲಕ್ಷ ಪಟ್ಟು. ನಾವು ಶುಕ್ರವಾರ ಆಡುವ ಶಟ್ಲ್ ಕೋರ್ಟ್ ಇದೆಯಲ್ಲ, ಅಂಥ ಏಳು ಕೋರ್ಟಿನ ಜಾಗ.

ಬ್ಯಾಕ್ಟೀರಿಯಾದ ಜೊತೆ ವ್ಯವಹಾರ ನಡೆಯುವುದು ಮೇಲ್ಮೈಯಲ್ಲಿ. ಬೆಳ್ಳಿಯ ಮೇಲ್ಮೈಯಿಂದ ವಿದ್ಯುದಾವೇಶ ಇರುವ ಬೆಳ್ಳಿಯ ಅಯಾನುಗಳು ನಿಧಾನವಾಗಿ ಬಿಡುಗಡೆ ಆಗುತ್ತವೆ. ಅವು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳು ಮಾಡುತ್ತವೆ, ಒಳಗಿನ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ, ಉಸಿರಾಟದ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಆಂಟಿಬಯಾಟಿಕ್ ಒಬ್ಬ ಮೇಸನ್‌ಗೆ ಬೇಡಿ ಹಾಕಿದರೆ, ಬೆಳ್ಳಿ ಒಂದೇ ಸಲ ಮೇಸನ್, ಎಲೆಕ್ಟ್ರಿಷಿಯನ್, ಜನರೇಟರ್ ಎಲ್ಲದಕ್ಕೂ ತೊಂದರೆ ಕೊಡುತ್ತದೆ. ಹಾಗಾಗಿ ಎಂಆರ್‌ಎಸ್‌ಎ ತರದ ಮೊಂಡು ಜಾತಿಯೂ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳ್ಳಿಯ ಕಣಗಳಿಗೆ ಸಾಯುತ್ತದೆ. ವಿಡಿಯೋಗಳಲ್ಲಿ ತೋರಿಸುವುದು ಈ ಗಾಜಿನ ತಟ್ಟೆಯನ್ನೇ.

ಲ್ಯಾಬ್‌ಗಳಲ್ಲಿ ಏನು ನಡೀತಿದೆ?

ಬೆಳ್ಳಿ ಹೊಸದೇನಲ್ಲ. 1880ರ ದಶಕದಲ್ಲೇ ಜರ್ಮನಿಯ ಕಾರ್ಲ್ ಕ್ರೆಡೆ ಅನ್ನುವ ವೈದ್ಯರು ಹುಟ್ಟಿದ ಮಕ್ಕಳ ಕಣ್ಣಿಗೆ ಸೋಂಕು ತಗಲದ ಹಾಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುತ್ತಿದ್ದರು. 1968ರಲ್ಲಿ ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಡಯಜಿನ್ ಬಂತು. ಊರಲ್ಲಿ ಮೈ ಸುಟ್ಟುಕೊಂಡಾಗ ಹಚ್ಚುವ ಬಿಳಿ ಕ್ರೀಮ್ ಹೆಚ್ಚಾಗಿ ಅದೇ. 1990ರ ದಶಕದ ಕೊನೆಗೆ ಅತಿ ಸಣ್ಣ ಬೆಳ್ಳಿ ಹರಳುಗಳನ್ನು ಲೇಪಿಸಿದ ಗಾಯದ ಪಟ್ಟಿಗಳು ಆಸ್ಪತ್ರೆಗೆ ಬಂದವು. ಇವತ್ತಿಗೂ ಸುಟ್ಟ ಗಾಯದ ವಾರ್ಡಿನಲ್ಲಿ, ಶುಗರ್ ಇರುವವರ ಕಾಲಿನ ಹುಣ್ಣಿಗೆ ಡಾಕ್ಟರ್‌ಗಳು ನೋಡಿ ಇಂಥ ಪಟ್ಟಿ ಹಾಕುವುದುಂಟು.

ಈಗಿನ ಸಂಶೋಧನೆ ಬೆಳ್ಳಿಯನ್ನು ದಾಟಿ ಹೋಗಿದೆ. ಸತು ಮತ್ತು ತಾಮ್ರದ ಕಣಗಳ ಮೇಲೆ ಕೆಲಸ ನಡೆದಿದೆ. ಇನ್ನು ಕೆಲವರು ಕಣವನ್ನು ಔಷಧಿಯಾಗಿ ನೋಡದೆ ಪಾರ್ಸೆಲ್ ಡಬ್ಬಿಯಾಗಿ ನೋಡುತ್ತಾರೆ. ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಹಳೆಯ ಆಂಟಿಬಯಾಟಿಕ್ ತುಂಬಿ ಗಾಯದ ಒಳಗೆ ಇಳಿಸುವುದು. ಸಿಗಡಿ, ಏಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಅನ್ನುವ ವಸ್ತುವಿನಿಂದಲೂ ಇಂಥ ಡಬ್ಬಿ ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಗುಡ್ಡೆ ಹಾಕಿ ಬಿಸಾಡುವ ಸಿಗಡಿ ಸಿಪ್ಪೆಯೇ ಅದು. ಚಿನ್ನದ ಕಣವನ್ನು ಗಾಯಕ್ಕೆ ಹಾಕಿ ಹೊರಗಿಂದ ಬೆಳಕು ಬಿಟ್ಟು, ಕಣ ಬಿಸಿಯಾಗಿ ಬ್ಯಾಕ್ಟೀರಿಯಾ ಸಾಯುವ ಹಾಗೆ ಮಾಡುವ ಪ್ರಯೋಗಗಳೂ ಇವೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಮೊಂಡು ಬ್ಯಾಕ್ಟೀರಿಯಾದ ಪೊರೆಯನ್ನೇ ಒಡೆಯುವ ಪಾಲಿಮರ್‌ಗಳ ಮೇಲೆ, ಗಾಯಕ್ಕೆ ಹಚ್ಚುವ ಜೆಲ್‌ಗಳ ಮೇಲೆ ವರ್ಷಗಳಿಂದ ಕೆಲಸ ನಡೆಯುತ್ತಿದೆ. ಅದು ನ್ಯಾನೋ ಕಣವೇ ಅಲ್ಲದಿದ್ದರೂ ಗುರಿ ಒಂದೇ.

ಇಷ್ಟು ಆಸಕ್ತಿ ಯಾಕೆ ಅಂದರೆ ಹಚ್ಚುವ ಔಷಧಿಗೆ ಒಂದು ದೊಡ್ಡ ಅನುಕೂಲ ಇದೆ. ಮಾತ್ರೆ ನುಂಗಿದರೆ ಔಷಧಿ ಇಡೀ ಮೈಗೆ ಹಂಚಿಹೋಗ್ತದೆ. ಗಾಯದ ಜಾಗಕ್ಕೆ ಸಿಗುವುದು ಸ್ವಲ್ಪ, ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸಾಯುವುದು ಬೇರೆ. ಹಚ್ಚಿದರೆ ಬೇಕಾದ ಜಾಗದಲ್ಲೇ ಹೆಚ್ಚು ಪ್ರಮಾಣ ಇರುತ್ತದೆ. ಜೊತೆಗೆ ಹಳೆಯ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾಗಳು ಒಟ್ಟಾಗಿ ಲೋಳೆಯಂಥ ಹೊದಿಕೆ ಹೊದ್ದು ಕೂರುತ್ತವೆ. ಮಾತ್ರೆಯ ಔಷಧಿ ಅದರೊಳಗೆ ಸುಲಭವಾಗಿ ಹೋಗುವುದಿಲ್ಲ. ಸಣ್ಣ ಕಣ ನುಸುಳಬಹುದು ಅನ್ನುವುದು ಸಂಶೋಧಕರ ಆಸೆ.

ಹಾಗಾದರೆ ಆ ಜೆಲ್ ಯಾಕೆ ಕೆಲಸ ಮಾಡಲಿಲ್ಲ?

ಗಾಜಿನ ತಟ್ಟೆಯಲ್ಲಿ ಸಾಯುವುದಕ್ಕೂ ಮನುಷ್ಯನ ಕಾಲಿನಲ್ಲಿ ಸಾಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೊದಲನೆಯದಾಗಿ, ಕುರು ಅಂದರೆ ಚರ್ಮದ ಅಡಿಯಲ್ಲಿರುವ ಕೀವಿನ ಚೀಲ. ಅದರ ಸುತ್ತ ದೇಹವೇ ಒಂದು ಗೋಡೆ ಕಟ್ಟಿರುತ್ತದೆ. ಮೇಲೆ ಏನು ಹಚ್ಚಿದರೂ ಚರ್ಮದ ಗಟ್ಟಿ ಪದರ ದಾಟಿ, ಆ ಗೋಡೆ ದಾಟಿ ಕೀವಿನ ನಡುವಿಗೆ ಬೇಕಾದಷ್ಟು ಹೋಗುವುದಿಲ್ಲ. ಟೆರೇಸಿನ ಮೇಲೆ ಪೇಂಟ್ ಹೊಡೆದು ಕೆಳಗಿನ ಪೈಪಿನ ಬ್ಲಾಕ್ ತೆಗೆಯಲಿಕ್ಕೆ ಹೋದ ಹಾಗೆ.

ಎರಡನೆಯದಾಗಿ, ಗಾಯದ ನೀರಿನಲ್ಲಿ ಉಪ್ಪು ಮತ್ತು ಪ್ರೋಟೀನ್ ಇರುತ್ತವೆ. ಬೆಳ್ಳಿಯ ಅಯಾನುಗಳು ಹೋಗಿ ಅವುಗಳಿಗೇ ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾಕ್ಕೆ ಉಳಿಯುವುದು ಕಡಿಮೆ. ಪ್ರಮಾಣ ಹೆಚ್ಚು ಮಾಡೋಣ ಅಂದರೆ ಗಾಯ ಮಾಯಿಸುವ ನಮ್ಮ ಚರ್ಮದ ಜೀವಕೋಶಗಳಿಗೂ ಅದು ವಿಷ.

ಮೂರನೆಯದಾಗಿ, ಪುರಾವೆ. ಹೆಚ್ಚಿನ ಪ್ರಯೋಗಗಳು ಇನ್ನೂ ಗಾಜಿನ ತಟ್ಟೆ ಮತ್ತು ಇಲಿಗಳ ಹಂತದಲ್ಲಿವೆ. ಇಲಿಯ ಚರ್ಮ ತೆಳು, ನಮ್ಮದು ಹಾಗಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2010ರಲ್ಲಿ ಬೆಳ್ಳಿಯ ಪಟ್ಟಿ ಮತ್ತು ಕ್ರೀಮ್‌ಗಳನ್ನು ಪರಿಶೀಲಿಸಿ, ಅವು ಗಾಯಕ್ಕೆ ಸೋಂಕು ತಗಲದಂತೆ ತಡೆಯುತ್ತವೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ ಹೇಳಿತು.

ನಾಲ್ಕನೆಯದಾಗಿ, ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ ಇದೆ. 1975ರಲ್ಲೇ ಅಮೆರಿಕದ ಒಂದು ಆಸ್ಪತ್ರೆಯ ಸುಟ್ಟ ಗಾಯದ ವಾರ್ಡಿನಲ್ಲಿ ಬೆಳ್ಳಿಯನ್ನು ತಡೆದುಕೊಳ್ಳುವ ಸಾಲ್ಮೊನೆಲ್ಲಾ ಸಿಕ್ಕಿತ್ತು. ಸುಮ್ಮನೆ ಎಲ್ಲದಕ್ಕೂ ಬೆಳ್ಳಿ ಹಚ್ಚುತ್ತಾ ಹೋದರೆ ಪೆನಿಸಿಲಿನ್ ಕಥೆಯೇ ಮತ್ತೆ ನಡೆಯಬಹುದು.

ಕೊನೆಯದು ಬಾಟಲಿಯ ಮೇಲಿನ ಹೆಸರು. ಕಣದ ಅಳತೆ ಎಷ್ಟು, ಎಷ್ಟು ಬೆಳ್ಳಿ ಇದೆ, ಯಾವ ಔಷಧಿ ಇಲಾಖೆ ಒಪ್ಪಿದೆ ಅನ್ನುವುದು ಯಾವುದೂ ಆ 145 ದಿರ್ಹಮ್ ಬಾಟಲಿಯ ಮೇಲೆ ಇರಲಿಲ್ಲ. ನಮ್ಮ ಕೆಲಸದಲ್ಲಿ ವೋಚರ್ ಇಲ್ಲದ ಖರ್ಚನ್ನು ಪಾಸ್ ಮಾಡುವುದಿಲ್ಲ. ಮೈಗೆ ಹಚ್ಚುವುದಕ್ಕೂ ಅದೇ ನಿಯಮ ಇರಲಿ. ಬೆಳ್ಳಿ ನೀರು ಕುಡಿದರೆ ಒಳ್ಳೆಯದು ಅಂತ ಹೇಳುವವರಿಂದ ಇನ್ನೂ ದೂರ ಇರಿ. ಬೆಳ್ಳಿ ಮೈಯಲ್ಲಿ ಸೇರಿಕೊಂಡು ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು, ಆ ಬಣ್ಣ ಮತ್ತೆ ಹೋಗುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಮಾರುವ ಬೆಳ್ಳಿ ದ್ರಾವಣಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿ ಅಂತ ಸಾಬೀತೂ ಆಗಿಲ್ಲ ಅಂತ ಅಮೆರಿಕದ ಔಷಧಿ ಇಲಾಖೆ 1999ರಲ್ಲೇ ಆದೇಶ ಹೊರಡಿಸಿದೆ.

ಇವತ್ತಿಗೆ ಕೆಲಸ ಮಾಡುವ ಚಿಕಿತ್ಸೆ

ಕೀವು ತುಂಬಿದ ಕುರುವಿಗೆ ಮೊದಲ ಚಿಕಿತ್ಸೆ ಬಹಳ ಹಳೆಯದು: ಡಾಕ್ಟರ್ ಜಾಗ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು, ಕೀವು ಪೂರ್ತಿ ಹೊರಗೆ ತೆಗೆಯುವುದು. ಹತ್ತು ಹದಿನೈದು ನಿಮಿಷದ ಕೆಲಸ. ಅಮೆರಿಕದಲ್ಲಿ 786 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಐದು ಸೆಂಟಿಮೀಟರ್‌ಗಿಂತ ದೊಡ್ಡದಲ್ಲದ ಕುರು ಇದ್ದವರನ್ನು ತೆಗೆದುಕೊಂಡರು. ಎಲ್ಲರಿಗೂ ಕೀವು ತೆಗೆದರು. ಬರೀ ಕೀವು ತೆಗೆದು ಸುಳ್ಳು ಮಾತ್ರೆ ಕೊಟ್ಟವರಲ್ಲೇ ನೂರಕ್ಕೆ ಸುಮಾರು 69 ಜನ ಗುಣವಾದರು. ಸರಿಯಾದ ಆಂಟಿಬಯಾಟಿಕ್ ಕೂಡ ಕೊಟ್ಟವರಲ್ಲಿ ನೂರಕ್ಕೆ 82, 83. ದೊಡ್ಡ ಪಾಲು ಕೀವು ತೆಗೆಯುವುದರದ್ದು, ಉಳಿದದ್ದು ಸರಿಯಾದ ಔಷಧಿಯದ್ದು.

'ಸರಿಯಾದ' ಅನ್ನುವ ಶಬ್ದ ಮುಖ್ಯ. ಕೀವು ತೆಗೆಯುವಾಗ ಅದರ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಅಂತ ನೀವೇ ಕೇಳಿ. 'ಕಲ್ಚರ್ ಟೆಸ್ಟ್' ಅಂದರೆ ಅವರಿಗೆ ಗೊತ್ತಾಗ್ತದೆ. ಎರಡು ಮೂರು ದಿನದಲ್ಲಿ ರಿಪೋರ್ಟ್ ಬರುತ್ತದೆ. ಅದರಲ್ಲಿ ಔಷಧಿಗಳ ಪಟ್ಟಿ ಇದ್ದು, ಪ್ರತಿಯೊಂದರ ಮುಂದೆ 'ಎಸ್' ಅಥವಾ 'ಆರ್' ಇರುತ್ತದೆ. ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಸ್ಟೆಫ್ ಅಂತ ಬರೆದು ಸೆಫಾಕ್ಸಿಟಿನ್ ಅಥವಾ ಆಕ್ಸಾಸಿಲಿನ್ ಮುಂದೆ ಆರ್ ಇದ್ದರೆ ಅದೇ ಎಂಆರ್‌ಎಸ್‌ಎ. ಆಗ ಅಮೋಕ್ಸಿಸಿಲಿನ್, ಸೆಫಲೆಕ್ಸಿನ್ ನುಂಗಿ ಪ್ರಯೋಜನ ಇಲ್ಲ. ಅದಕ್ಕೆ ಕೆಲಸ ಮಾಡುವ ಬೇರೆ ಮಾತ್ರೆಗಳಿವೆ, ಅವುಗಳಲ್ಲಿ ಕೆಲವು ಹಳೆಯವೂ ಅಗ್ಗದವೂ ಹೌದು. ಯಾವುದು ಅಂತ ರಿಪೋರ್ಟ್ ನೋಡಿ ಡಾಕ್ಟರ್ ಹೇಳಬೇಕು.

ರಿಪೋರ್ಟಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ರಜೆಯಲ್ಲಿ ಊರಿಗೆ ಹೋದಾಗ ಮತ್ತೆ ಕುರು ಎದ್ದರೆ ಕುಂದಾಪುರದ ಡಾಕ್ಟರ್‌ಗೂ ಅದು ಅಷ್ಟೇ ಉಪಯೋಗ.

ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ:

- ಜ್ವರ, ಚಳಿ, ತಲೆ ತಿರುಗುವುದು
- ಕೆಂಪು ಗಂಟೆಗಂಟೆಗೆ ಹರಡುವುದು (ಪೆನ್ನಿನಲ್ಲಿ ಅಂಚಿಗೆ ಗೆರೆ ಎಳೆದು ಇಟ್ಟರೆ ಗೊತ್ತಾಗ್ತದೆ)
- ಮುಖದಲ್ಲಿ, ಮೂಗು ಅಥವಾ ಕಣ್ಣಿನ ಹತ್ತಿರ ಕುರು
- ನೋಡಲು ಸಣ್ಣದಿದ್ದು ತಡೆಯಲಾಗದಷ್ಟು ನೋವು
- ಶುಗರ್ ಕಾಯಿಲೆ ಇದ್ದು ಕಾಲಿನಲ್ಲಿ ಯಾವುದೇ ಗಾಯ

ಊರಿನ ಬ್ಯಾಗಿನಲ್ಲಿ ಬರುವ ಔಷಧಿ

ನಮ್ಮಲ್ಲಿ ಊರಿಂದ ಬರುವವರ ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿ ಜೊತೆ ಒಂದು ಕವರಿನಲ್ಲಿ ಔಷಧಿಯೂ ಬರುತ್ತದೆ. ಅಮ್ಮನೋ ಹೆಂಡತಿಯೋ ಪ್ರೀತಿಯಿಂದ ಕಟ್ಟಿಕೊಟ್ಟದ್ದು. ಅದರಲ್ಲಿರುವ ಚರ್ಮದ ಕ್ರೀಮ್ ಬಹಳ ಸಲ ಮೂರು ನಾಲ್ಕು ಔಷಧಿ ಸೇರಿಸಿದ ಮಿಶ್ರಣ: ಒಂದು ಸ್ಟಿರಾಯ್ಡ್, ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್. ಸ್ಟಿರಾಯ್ಡ್ ಇರುವುದರಿಂದ ಎರಡು ದಿನ ತುರಿಕೆ, ಕೆಂಪು ಇಳಿದ ಹಾಗೆ ಕಾಣ್ತದೆ. ಆದರೆ ಅದು ಅಲ್ಲಿನ ರಕ್ಷಣೆಯನ್ನೇ ತಗ್ಗಿಸುವುದರಿಂದ ಒಳಗೆ ಬ್ಯಾಕ್ಟೀರಿಯಾ ಆರಾಮವಾಗಿ ಬೆಳೆಯುತ್ತದೆ. 2018ರಲ್ಲಿ ಭಾರತ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದ್ದು ಇದೇ ಕಾರಣಕ್ಕೆ.

ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ, ಡಾಕ್ಟರ್ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬಾರದು ಅಂತ ಅರ್ಥ. ಜನರಿಗೆ ಇದನ್ನು ತಿಳಿಸಲು ನಮ್ಮ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರವನ್ನೇ ಮಾಡಿತ್ತು. ಇಲ್ಲಿ ಸೌದಿಯಲ್ಲೂ 2018ರಿಂದ ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವುದರ ಮೇಲೆ ಬಿಗಿ ಮಾಡಿದ್ದಾರೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತೆಗೆದುಕೊಳ್ಳುವಾಗಲೇ, ಜನ ಸಾಕಾಗದಷ್ಟು ಔಷಧಿ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳಲು ಕಲಿಯುತ್ತದೆ ಅಂತ ಎಚ್ಚರಿಸಿದ್ದರು. ರೂಮ್‌ಮೇಟ್ ಕೊಟ್ಟ ಆರು ಮಾತ್ರೆ ಅಂದರೆ ಅದೇ.

ರೂಮಿನಲ್ಲಿ ಏನು ಮಾಡಬೇಕು?

ಒಬ್ಬರಿಗೆ ಕುರು ಎದ್ದರೆ ಅವರನ್ನು ದೂರ ಇಡುವುದು, ಬೇರೆ ರೂಮಿಗೆ ಕಳಿಸುವುದು ಬೇಡ. ಇಷ್ಟು ಮಾಡಿದರೆ ಸಾಕು:

- ಕುರುವನ್ನು ಒಣಗಿದ, ಶುದ್ಧ ಪಟ್ಟಿಯಿಂದ ಮುಚ್ಚಿಡಿ. ಪಟ್ಟಿ ಒದ್ದೆಯಾದರೆ ಬದಲಿಸಿ, ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ.
- ಹಿಂಡಬೇಡಿ, ಸೂಜಿ ಬಿಸಿ ಮಾಡಿ ಚುಚ್ಚಬೇಡಿ. ಕೀವು ಒಳಗೆ ಇನ್ನೂ ಆಳಕ್ಕೆ ಹೋಗಬಹುದು.
- ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.
- ಟವೆಲ್, ರೇಜರ್, ಟ್ರಿಮ್ಮರ್, ಲುಂಗಿ, ಸೋಪಿನ ತುಂಡು ಅವರವರದ್ದೇ ಇರಲಿ. ಟವೆಲ್ ಮೇಲೆ ಬಣ್ಣದ ದಾರ ಹೊಲಿದು ಗುರುತು ಮಾಡಿ.
- ಬೆಡ್‌ಶೀಟ್, ಬಟ್ಟೆ ತೊಳೆದು ಪೂರ್ತಿ ಒಣಗಿಸಿ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ.
- ಗಾಯ ಮಾಯುವವರೆಗೆ ಕಬಡ್ಡಿ, ಕುಸ್ತಿ ಬೇಡ.

ಒಂದೇ ರೂಮಿನಲ್ಲಿ ಇಬ್ಬರು ಮೂವರಿಗೆ ಬಂದರೆ ಅಥವಾ ಒಬ್ಬರಿಗೇ ಪದೇ ಪದೇ ಬಂದರೆ ಡಾಕ್ಟರ್‌ಗೆ ಅದನ್ನು ಹೇಳಿ. ಮೂಗಿನೊಳಗೆ ಹಚ್ಚುವ ಮುಲಾಮು, ಸ್ನಾನಕ್ಕೆ ವಿಶೇಷ ದ್ರಾವಣ ಕೊಟ್ಟು ಬ್ಯಾಕ್ಟೀರಿಯಾವನ್ನು ಮೈಯಿಂದ ತೆಗೆಯುವ ವಿಧಾನ ಇದೆ. ಕ್ಯಾಂಪ್ ಬಾಸ್‌ಗೂ ತಿಳಿಸಿ.

ರಜೆ ಮತ್ತು ಇನ್ಶೂರೆನ್ಸ್ ಲೆಕ್ಕ

ಇಷ್ಟೆಲ್ಲ ಗೊತ್ತಿದ್ದೂ ನಮ್ಮವರು ಕ್ಲಿನಿಕ್‌ಗೆ ಹೋಗದಿರಲು ಕಾರಣ ಸಂಬಳ ಕಟ್ ಆಗ್ತದೆ ಅನ್ನುವ ಹೆದರಿಕೆ. ಇದು ನನ್ನ ಕೆಲಸದ ವಿಷಯ, ಹಾಗಾಗಿ ಖಚಿತವಾಗಿ ಹೇಳಬಲ್ಲೆ. ಯುಎಇ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಸಿಕ್ ಲೀವ್ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಸಂಬಳ ಇಲ್ಲ. ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಸೌದಿಯಲ್ಲಿ ಮೊದಲ 30 ದಿನ ಪೂರ್ತಿ, ಮುಂದಿನ 60 ದಿನ ಮುಕ್ಕಾಲು ಸಂಬಳ, ಆಮೇಲಿನ 30 ದಿನ ಸಂಬಳ ಇಲ್ಲ. ಕುರು ಕೊಯ್ದು ಎರಡು ಮೂರು ದಿನ ವಿಶ್ರಾಂತಿ ತೆಗೆದುಕೊಂಡರೆ ಈ ಪೂರ್ತಿ ಸಂಬಳದ ಲೆಕ್ಕದೊಳಗೇ ಮುಗಿಯುತ್ತದೆ. ಮೂರು ವಾರ ಅಡಗಿಸಿಟ್ಟು ಆಸ್ಪತ್ರೆ ಸೇರಿದರೆ ಹಾಗಾಗುವುದಿಲ್ಲ.

ಇನ್ಶೂರೆನ್ಸ್ ಕೂಡ ಹಾಗೆಯೇ. ಅಬುಧಾಬಿ, ದುಬೈಯಲ್ಲಿ ಮೊದಲೇ ಕಡ್ಡಾಯ ಇತ್ತು. 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಲ್ಲೂ ಖಾಸಗಿ ಕಂಪನಿಗಳ ಕೆಲಸಗಾರರಿಗೆ ಕಡ್ಡಾಯ. ಪ್ರೀಮಿಯಂ ಕಂಪನಿಯೇ ಕಟ್ಟಬೇಕು. ನಿಮ್ಮ ಕಾರ್ಡಿನ ಪಟ್ಟಿಯಲ್ಲಿರುವ ಕ್ಲಿನಿಕ್ ಯಾವುದು ಅಂತ ಇವತ್ತೇ ಕೇಳಿ ಇಟ್ಟುಕೊಳ್ಳಿ. ಡಾಕ್ಟರ್ ನೋಡಿದ್ದಕ್ಕೆ ನಿಮ್ಮ ಪಾಲಿನ ಸಣ್ಣ ಮೊತ್ತ ಕೊಟ್ಟರೆ ಸಾಕು. ಆನ್‌ಲೈನ್ ಜೆಲ್‌ಗೆ ಪೂರ್ತಿ ನಿಮ್ಮ ಜೇಬಿಂದಲೇ ಹೋಗ್ತದೆ.

ಆ ಹುಡುಗನನ್ನು ಅದೇ ದಿನ ನಮ್ಮ ಡ್ರೈವರ್ ಜೊತೆ ಕಾರ್ಡಿನಲ್ಲಿರುವ ಕ್ಲಿನಿಕ್‌ಗೆ ಕಳಿಸಿದೆವು. ಕೀವು ತೆಗೆದರು, ಸ್ಯಾಂಪಲ್ ಕಳಿಸಿದರು. ಮೂರನೇ ದಿನ ರಿಪೋರ್ಟ್ ಬಂತು, ಎಂಆರ್‌ಎಸ್‌ಎ. ಮಾತ್ರೆ ಬದಲಿಸಿದರು. ಅವನು ಕೊಟ್ಟದ್ದು ಜೆಲ್‌ನ ಬೆಲೆಯ ಅರ್ಧಕ್ಕಿಂತ ಕಡಿಮೆ. ನಾಲ್ಕು ದಿನ ಸಿಕ್ ಲೀವ್ ಹಾಕಿದ, ಪೂರ್ತಿ ಸಂಬಳ ಬಂತು. ಮೇಲಿನ ಬಂಕಿನವನ ಕುರು ಸಣ್ಣದಿರುವಾಗಲೇ ತೋರಿಸಿದ್ದರಿಂದ ಬೇಗ ಮುಗಿಯಿತು.

ಮುಂದೊಂದು ದಿನ ಡಾಕ್ಟರ್ ಬರೆದುಕೊಡುವ ಚೀಟಿಯಲ್ಲಿ ನಿಜವಾದ ನ್ಯಾನೋ ಕ್ರೀಮ್ ಇರಬಹುದು. ಇದ್ದರೆ ಅದು ಫಾರ್ಮಸಿಯಲ್ಲಿ ಸಿಗ್ತದೆ, ಅದರ ಮೇಲೆ ಒಪ್ಪಿಗೆಯ ನಂಬರ್ ಇರ್ತದೆ, ನಿಮ್ಮ ಕಾರ್ಡಿನಲ್ಲಿ ಸಿಗ್ತದಾ ಅಂತ ಕೇಳಲೂ ಬಹುದು. ಅಲ್ಲಿಯವರೆಗೆ ವಿಡಿಯೋ ಫಾರ್ವರ್ಡ್ ಮಾಡುವ ಬದಲು ರೂಮಿನಲ್ಲಿ ಕುಂಟುತ್ತಿರುವವನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ.